ಗೆರೆಗೂ ಒಂದು ಪುಟ: ಮುಂಬೈಯ ಒಂದು ಅಳಿಯಕಟ್ಟಿನ ಕುಟುಂಬದ ವಂಶವೃಕ್ಷ ವೆಬ್‌ಗೆ ಬಂದ ಬಗೆ

ಕುಟುಂಬದ ಮೂಲ ಮನೆ, ಅಂದರೆ ತರವಾಡು, ಉಡುಪಿ ಕಡೆಯದು. ಆದರೆ ಜನ ಜಾಸ್ತಿ ಇರುವುದು ಭಾಂಡುಪ್, ಡೊಂಬಿವಲಿ, ಮೀರಾ ರೋಡ್‌ಗಳಲ್ಲಿ. ಹಿಂದಿನ ತಲೆಮಾರಿನವರು ಹೋಟೆಲ್ ಕೆಲಸಕ್ಕೆಂದು ಬಂದು, ಹಗಲು ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ ಇಲ್ಲೇ ನೆಲೆ ನಿಂತರು. ಊರಿನ ತರವಾಡು ಮನೆಯ ದೈವಸ್ಥಾನದ ಜೀರ್ಣೋದ್ಧಾರ ಮಾಡುವುದೆಂದು ತೀರ್ಮಾನವಾದಾಗ ಮುಂಬೈಯಲ್ಲೂ ಒಂದು ಸಮಿತಿ ಆಯಿತು. ಸಮಿತಿಯ ಮುಂದಿದ್ದ ಮೊದಲ ಪ್ರಶ್ನೆ ವಂತಿಗೆಯದು. ಈ ಮನೆಯಲ್ಲಿ ವಂತಿಗೆ ಎತ್ತುವುದು ಕವರುವಾರು, ಅಂದರೆ ತಾಯಿಯ ಸಾಲಿನ ಒಂದೊಂದು ಶಾಖೆಗೂ ಬೇರೆ ಬೇರೆ. ಹಾಗಾಗಿ ಯಾರು ಯಾವ ಕವರಿನವರು ಎಂಬ ಲೆಕ್ಕ ಬೇಕು. ಲೆಕ್ಕ ಬೇಕೆಂದರೆ ವಂಶವೃಕ್ಷ ಬೇಕು. ಅದು ಎಲ್ಲರೂ ನೋಡುವಂತೆ ಇರಬೇಕು, ತಪ್ಪಿದ್ದರೆ ಎಲ್ಲರೂ ಹೇಳುವಂತೆಯೂ ಇರಬೇಕು.

ನಾನು ಈ ಕೆಲಸಕ್ಕೆ ಸೇರಿದ್ದು ಎರಡನೇ ಹಂತದಲ್ಲಿ. ಅಷ್ಟು ಹೊತ್ತಿಗೆ ಸಮಿತಿಯ ಹುಡುಗನೊಬ್ಬ ಸಿದ್ಧ ಟೆಂಪ್ಲೇಟ್ ಒಂದನ್ನು ಹಿಡಿದು ಸೈಟ್ ಮಾಡಿದ್ದ. ನೋಡಲು ಚೆನ್ನಾಗಿಯೇ ಇತ್ತು. ಪ್ರತಿ ವ್ಯಕ್ತಿಗೆ ಒಂದು ಪೆಟ್ಟಿಗೆ, ಮೇಲೆ ಅಪ್ಪ, ಕೆಳಗೆ ಮಕ್ಕಳು. ಡೇಟಾಬೇಸ್‌ನಲ್ಲಿ ಒಂದೇ ಟೇಬಲ್, ಅದರಲ್ಲಿ ‘ಪೇರೆಂಟ್ ಐಡಿ’ ಎಂಬ ಒಂದೇ ಕಾಲಂ. ಸಭೆಯಲ್ಲಿ ತೋರಿಸಿದಾಗ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ ಕೇಳಿದರು: “ಇದರಲ್ಲಿ ನಮ್ಮ ಮನೆ ಎಲ್ಲುಂಟು ಮಾರಾಯ? ನನ್ನನ್ನು ಅಪ್ಪನ ಮನೆಗೆ ಸೇರಿಸಿಬಿಟ್ಟಿದ್ದೀಯಲ್ಲ.”

ಅವರು ಹೇಳಿದ್ದು ಸರಿ. ತುಳುನಾಡಿನ ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಬರಿ, ಅಂದರೆ ಕುಲ, ಬರುವುದು ತಾಯಿಯಿಂದ. ಕುಟುಂಬದ ಆಸ್ತಿಯ ಹಕ್ಕು ಇಳಿಯುತ್ತಿದ್ದದ್ದೂ ಆ ದಾರಿಯಲ್ಲೇ. ಅಪ್ಪ ಬೇರೆ ಬರಿಯವನು, ಬೇರೆ ಮನೆಯವನು. ಟೆಂಪ್ಲೇಟ್‌ಗಳಿಗೆ ಇದು ಗೊತ್ತಿಲ್ಲ. ವಂಶವೃಕ್ಷದ ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಜೆಡ್‌ಕಾಮ್ ಎಂಬ ಫಾರ್ಮ್ಯಾಟ್ 1984ರಿಂದ ಇದೆ. ಅದರಲ್ಲೂ ಗಂಡ, ಹೆಂಡತಿ, ಮಕ್ಕಳು ಸೇರಿದ್ದೇ ಒಂದು ಘಟಕ. ನಮ್ಮ ಕವರಿನಲ್ಲಿ ಗಂಡ ಇರುವುದೇ ಇಲ್ಲ.

ಕವರು ಅಂದರೆ ಏನೆಂದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಹೇಳಿದೆ. ಹೆಂಗಸಿನ ಕವರು ಅಂದರೆ ಆಕೆ, ಆಕೆಯ ಮಕ್ಕಳು, ಹೆಣ್ಣು ಸಂತತಿಯ ಮೂಲಕ ಇಳಿದು ಬಂದ ಎಲ್ಲರೂ. ಗಂಡಸಿನ ಕವರು ಅಂದರೆ ಅವನ ತಾಯಿಯ ಕವರು. ಪ್ರೋಗ್ರಾಂ ಬರೆಯುವವರು ಈ ಎರಡು ಸಾಲನ್ನು ನಿಧಾನವಾಗಿ ಓದಬೇಕು. ಇದು ಹೆಚ್ಚೂಕಡಿಮೆ ಒಂದು ರಿಕರ್ಸಿವ್ ಕ್ವೆರಿಯೇ, ಅಂದರೆ ಸಿಕ್ಕ ಉತ್ತರದಿಂದಲೇ ಮತ್ತೆ ಹುಡುಕುತ್ತಾ ಹೋಗುವ ಪ್ರಶ್ನೆ. ಮೊದಲು ಆ ಹೆಂಗಸಿನ ಒಂದು ಸಾಲು ತಗೊಳ್ಳಿ. ಆಮೇಲೆ, ಇಲ್ಲಿಯವರೆಗೆ ಸಿಕ್ಕವರಲ್ಲಿ ಯಾರೆಲ್ಲ ತಾಯಂದಿರೋ ಅವರ ಮಕ್ಕಳನ್ನು ಸೇರಿಸಿ. ಹೊಸಬರು ಸಿಗುವುದು ನಿಲ್ಲುವ ತನಕ ಇದನ್ನೇ ಮಾಡುತ್ತಾ ಹೋಗಿ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ಗೆ ಈ ಸೌಲಭ್ಯ ಬಂದದ್ದು 1999ರ ಸ್ಟ್ಯಾಂಡರ್ಡ್‌ನಲ್ಲಿ. ಪೋಸ್ಟ್‌ಗ್ರೆಸ್‌ನಲ್ಲಿ 2009ರಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿಯಿಂದ; ಎರಡೂ ಡೇಟಾಬೇಸ್ ತಂತ್ರಾಂಶಗಳು. ನಾವು ಪೋಸ್ಟ್‌ಗ್ರೆಸ್ ತಗೊಂಡೆವು.

ತಾಯಿಯ ದಾರಿ ಹಿಡಿದದ್ದರಿಂದ ಇನ್ನೊಂದು ದೊಡ್ಡ ತೊಡಕು ತಾನಾಗಿ ಹೋಯಿತು. ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದು ಹಿಂದೆ ಸಾಮಾನ್ಯ. ಆಕೆಯ ಬರಿ ಆಕೆಯ ತಾಯಿಯದು, ಹಾಗಾಗಿ ಅಡ್ಡಿಯಿಲ್ಲ. ಆದರೆ ಅಪ್ಪ ಅಮ್ಮ ಇಬ್ಬರ ಗೆರೆಯನ್ನೂ ಎಳೆದರೆ ಆ ದಂಪತಿಯ ಮಕ್ಕಳಿಂದ ಒಬ್ಬರೇ ಮುತ್ತಜ್ಜಿಗೆ ಎರಡು ದಾರಿ ಆಗುತ್ತದೆ. ಅಲ್ಲಿಗೆ ಅದು ಮರವಾಗಿ ಉಳಿಯುವುದಿಲ್ಲ, ಬಲೆಯಾಗುತ್ತದೆ. ಮರ ಬಿಡಿಸುವ ಲೈಬ್ರರಿಗಳು ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಮೇಲಿನ ಕೊಂಡಿ ಎಂದು ನಂಬಿ ಲೆಕ್ಕ ಹಾಕುತ್ತವೆ. ಹೆತ್ತ ತಾಯಿ ಎಲ್ಲರಿಗೂ ಒಬ್ಬಳೇ. ಆಕೆಯ ಗೆರೆ ಮಾತ್ರ ಮರದ ಗೆರೆ, ಅಪ್ಪನ ಹೆಸರು ಪೆಟ್ಟಿಗೆಯೊಳಗೆ ಒಂದು ಕೊಂಡಿ ಎಂದು ಇಟ್ಟುಕೊಂಡರೆ ಮರ ಮರವಾಗಿಯೇ ಉಳಿಯುತ್ತದೆ. ಕುಟುಂಬದ ಪದ್ಧತಿಯೂ ಅದೇ, ಗಣಿತವೂ ಅದೇ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಇನ್ನು ನಿಜವಾದ ತಕರಾರಿಗೆ ಬರೋಣ. ಈ ಪ್ರಕರಣ ಬರೆಯುವಂತೆ ಮಾಡಿದ್ದೇ ಅದು.

ಎರಡು ಕವರಿನವರ ನಡುವೆ ಒಬ್ಬ ಅಜ್ಜಿಯ ವಿಷಯದಲ್ಲಿ ಮಾತು ಎದ್ದಿತು. ಅಜ್ಜಿ ತೀರಿಹೋಗಿ ಎಷ್ಟೋ ಕಾಲವಾಗಿದೆ. ಅಕ್ಕತಂಗಿಯರಿಬ್ಬರಲ್ಲಿ ಆಕೆಯನ್ನು ಹೆತ್ತವಳು ಅಕ್ಕ ಎಂದು ಒಂದು ಕಡೆಯವರು, ತಂಗಿ ಎಂದು ಇನ್ನೊಂದು ಕಡೆಯವರು. ಅಕ್ಕ ಬೇಗ ತೀರಿಕೊಂಡಿದ್ದರು. ಮಗುವನ್ನು ಸಾಕಿದ್ದು ತಂಗಿ. ಮಗು ಚಿಕ್ಕಮ್ಮನನ್ನೇ ಅಮ್ಮ ಎಂದು ಕರೆಯಿತು, ಊರೂ ಹಾಗೇ ನಂಬಿತು. ಶಾಲೆಯ ಕಾಗದದಲ್ಲಿ ಇರುವುದೂ ಚಿಕ್ಕಮ್ಮನ ಹೆಸರೇ. ಆದರೆ ಮನೆಯ ಹಳೆಯ ವಿಭಾಗಪತ್ರದಲ್ಲಿ ಆ ಹುಡುಗಿಯ ಹೆಸರು ಅಕ್ಕನ ಕವರಿನ ಕೆಳಗೆ ಬಂದಿದೆ. ಅಳಿಯಕಟ್ಟಿನಲ್ಲಿ ಹಿಂದೆ ಎಲ್ಲರ ಒಪ್ಪಿಗೆ ಇಲ್ಲದೆ ಪಾಲು ಕೇಳುವಂತಿರಲಿಲ್ಲ. ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟದ್ದು ಆ 1949ರ ಕಾಯ್ದೆ. ಹಾಗಾಗಿ ಅದರ ನಂತರದ ವಿಭಾಗಪತ್ರಗಳಲ್ಲಿ ಕವರುವಾರು ಹೆಸರುಗಳ ಪಟ್ಟಿ ಇರುತ್ತದೆ. ವಂಶವೃಕ್ಷ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕಾಗದ ಸಿಗುವುದು ಕಷ್ಟ.

ಆ ಒಂದು ಗೆರೆ ಆಚೆ ಈಚೆ ಆದರೆ ಅಜ್ಜಿಯ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಬೇರೆ ಕವರಿಗೆ ಹೋಗುತ್ತಾರೆ. ವಂತಿಗೆ ಪಟ್ಟಿ ಬದಲಾಗುತ್ತದೆ. ದೈವದ ಕಾರ್ಯದಲ್ಲಿ ಯಾವ ಕವರಿನ ಹಿರಿಯರು ಮುಂದೆ ನಿಲ್ಲಬೇಕು ಎಂಬುದೂ ಬದಲಾಗುತ್ತದೆ. ಜನ ಸುಮ್ನೆ ಜಗಳ ಆಡಿದ್ದಲ್ಲ.

ಮೊದಲ ಸೈಟಿನಲ್ಲಿ ಪ್ರತಿ ವ್ಯಕ್ತಿಯ ಪುಟದ ಕೆಳಗೆ ಅಭಿಪ್ರಾಯ ಬರೆಯುವ ಜಾಗ ಇತ್ತು. ಏನಾಯಿತೆಂದರೆ, ಈ ಒಂದೇ ತಕರಾರು ಎಲ್ಲೆಲ್ಲೋ ಹರಡಿಕೊಂಡಿತು. ಕೆಲವರು ಅಜ್ಜಿಯ ಪುಟದಲ್ಲಿ ಬರೆದರು. ಕೆಲವರು ಅಕ್ಕನ ಪುಟದಲ್ಲಿ. ಚಿಕ್ಕಮ್ಮನ ಕಡೆಯವರು ಚಿಕ್ಕಮ್ಮನ ಪುಟದಲ್ಲಿ. ಮರಿಮಗನೊಬ್ಬ ತನ್ನದೇ ಪುಟದಲ್ಲಿ “ನಮ್ಮನ್ನು ಎಲ್ಲಿ ಹಾಕಿದ್ದೀರಿ?” ಎಂದು ಕೇಳಿದ್ದ. ವಿಭಾಗಪತ್ರದ ಫೋಟೋ ಒಂದು ಕಡೆ, ಶಾಲೆಯ ಕಾಗದ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಎಲ್ಲವನ್ನೂ ಓದಿ ಮುಗಿಸಿದಾಗ ಒಂದು ವಿಷಯ ಎದ್ದು ಕಂಡಿತು. ಅಜ್ಜಿ ಇದ್ದರು ಎಂಬುದರಲ್ಲಿ ಯಾರಿಗೂ ಅನುಮಾನ ಇಲ್ಲ. ಅಕ್ಕ, ಚಿಕ್ಕಮ್ಮ ಯಾರೆಂಬುದರಲ್ಲೂ ಇಲ್ಲ. ಅನುಮಾನ ಇರುವುದು ಇಬ್ಬರನ್ನು ಸೇರಿಸುವ ಗೆರೆಯ ಮೇಲೆ. ಹಾಗಾದರೆ ಮಾತು ನಡೆಯಬೇಕಾದ ಜಾಗವೂ ಆ ಗೆರೆಯೇ. ವಂಶವೃಕ್ಷ ಮಾತ್ರ ಅಲ್ಲ, ಮರದ ಆಕಾರದ ಯಾವ ಮಾಹಿತಿ ತಗೊಂಡರೂ ಹೀಗೇ. ಕಂಪನಿಯಲ್ಲಿ ಯಾರು ಯಾರ ಕೈಕೆಳಗೆ, ಗ್ರಂಥಾಲಯದಲ್ಲಿ ಯಾವ ವಿಷಯ ಯಾವುದರ ಒಳಗೆ, ಜೀವಿಗಳ ವರ್ಗೀಕರಣದಲ್ಲಿ ಯಾವ ಕುಲ ಯಾವ ಕುಟುಂಬಕ್ಕೆ — ವಾದ ಏಳುವುದು ಜಾಸ್ತಿ ಗೆರೆಯ ಬಗ್ಗೆ. ಆದರೂ ನಾವು ಪುಟ ಕೊಡುವುದು ಪೆಟ್ಟಿಗೆಗೆ, ಗೆರೆಯನ್ನು ಬರೀ ಅಲಂಕಾರದಂತೆ ಬಿಡಿಸುತ್ತೇವೆ.

ಹಾಗಾಗಿ ‘ಪೇರೆಂಟ್ ಐಡಿ’ ಕಾಲಂ ತೆಗೆದೆವು. ಸಂಬಂಧಗಳಿಗೇ ಒಂದು ಟೇಬಲ್ ಆಯಿತು. ಒಂದೊಂದು ಗೆರೆಗೂ ಒಂದು ಸಾಲು, ಒಂದು ಸ್ಥಿರ ಐಡಿ. ಸಾಲಿನಲ್ಲಿ ಮಗು ಯಾರು, ತಾಯಿ ಯಾರು, ಗೆರೆಯ ಬಗೆ ಏನು, ಆಧಾರ ಏನು, ಸ್ಥಿತಿ ಏನು ಎಂದಿರುತ್ತದೆ. ಬಗೆ ಮೂರು: ಹೆತ್ತದ್ದು, ದತ್ತು, ಸಾಕಿದ್ದು. ಸ್ಥಿತಿಯೂ ಮೂರು: ದಾಖಲೆ ಇದೆ, ಹಿರಿಯರು ಹೇಳಿದ್ದು, ತಕರಾರಿದೆ. ಒಂದು ಮಗುವಿಗೆ ಒಪ್ಪಿತವಾದ ‘ಹೆತ್ತದ್ದು’ ಗೆರೆ ಒಂದೇ ಇರಬೇಕೆಂದು ಡೇಟಾಬೇಸ್‌ನಲ್ಲೇ ನಿಯಮ ಹಾಕಿದೆವು. ಪೋಸ್ಟ್‌ಗ್ರೆಸ್‌ನ ಪಾರ್ಷಿಯಲ್ ಯೂನಿಕ್ ಇಂಡೆಕ್ಸ್, ಅಂದರೆ ಆಯ್ದ ಸಾಲುಗಳಿಗೆ ಮಾತ್ರ ‘ಒಂದೇ ಇರಬೇಕು’ ಎಂಬ ನಿಯಮ, ಇದಕ್ಕೆ ಸಾಕು. ತಕರಾರಿನಲ್ಲಿರುವ ಗೆರೆಗಳು ಎಷ್ಟು ಬೇಕಾದರೂ ಇರಬಹುದು.

ಪರದೆಯ ಮೇಲೆ ದಾಖಲೆ ಇರುವ ಗೆರೆ ಗಟ್ಟಿಯಾಗಿ ಕಾಣುತ್ತದೆ, ಹಿರಿಯರು ಹೇಳಿದ್ದು ತುಂಡು ತುಂಡಾಗಿ. ತಕರಾರಿನ ಗೆರೆಯ ನಡುವೆ ಒಂದು ಸಣ್ಣ ಪ್ರಶ್ನೆ ಚಿಹ್ನೆ ಇರುತ್ತದೆ. ಬರೀ ಬಣ್ಣ ಕೊಟ್ಟರೆ ಸಾಲದು, ಬಣ್ಣ ಗುರುತಿಸಲಾಗದವರು ಎಷ್ಟೋ ಮನೆಗಳಲ್ಲಿ ಇರುತ್ತಾರೆ. ಗೆರೆಯನ್ನು ಒತ್ತಿದರೆ ಅದರದೇ ಪುಟ ತೆರೆಯುತ್ತದೆ. ಮೇಲೆ ಇಬ್ಬರ ಹೆಸರು, ನಡುವೆ ಆಧಾರಗಳು, ಕೆಳಗೆ ಮಾತುಕತೆ. ತೆಳ್ಳನೆಯ ಗೆರೆಯನ್ನು ಬೆರಳಿನಿಂದ ಒತ್ತುವುದು ಕಷ್ಟ. ಅದಕ್ಕೆ ಕಣ್ಣಿಗೆ ಕಾಣದ ಅಗಲವಾದ ಇನ್ನೊಂದು ಗೆರೆಯನ್ನು ಅದರ ಮೇಲೇ ಇಟ್ಟೆವು.

ಪುಟಕ್ಕೆ ಸ್ವಂತ ವಿಳಾಸ ಇದ್ದದ್ದರಿಂದ ಅದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬಹುದಾಯಿತು. ಜನ ಮಾತಾಡುವುದು ಅಲ್ಲೇ ಅಲ್ವಾ? ಆದರೆ ಅಲ್ಲಿ ಹೇಳಿದ್ದು ವಾರದಲ್ಲಿ ಮೇಲೆ ಹೋಗಿ ಕಾಣದಾಗುತ್ತದೆ. ಈಗ ಗುಂಪಿನಲ್ಲಿ ಮಾತು ಎದ್ದರೆ ಯಾರಾದರೂ ಗೆರೆಯ ಕೊಂಡಿ ಹಾಕುತ್ತಾರೆ, ಮಾತು ಪುಟಕ್ಕೆ ಬರುತ್ತದೆ. ಟೈಪ್ ಮಾಡಲು ಬಾರದ ಹಿರಿಯರಿಗಾಗಿ ಧ್ವನಿ ಕಳಿಸುವ ಗುಂಡಿ ಇಟ್ಟೆವು. ಡೊಂಬಿವಲಿಯ ದೊಡ್ಡಮ್ಮ ಒಬ್ಬರು ತುಳುವಿನಲ್ಲಿ ಹೇಳಿದ್ದನ್ನು ಅವರ ಸೊಸೆ ಕನ್ನಡದಲ್ಲಿ ಎರಡು ಸಾಲು ಬರೆದು ಸೇರಿಸಿದರು. ತನ್ನ ಅಮ್ಮ ಆ ಮಗುವಿಗೆ ಹಾಲು ಕೊಟ್ಟದ್ದನ್ನು ಹೇಳುತ್ತಿದ್ದರು, ಹೆತ್ತದ್ದನ್ನು ಹೇಳಿರಲಿಲ್ಲ ಎಂಬುದು ಆ ಮಾತಿನ ಸಾರ. ಅವರು ಚಿಕ್ಕಮ್ಮನ ಕಡೆಯವರೇ. ಅವರ ಬಾಯಿಂದಲೇ ಬಂದದ್ದರಿಂದ ಆ ಮಾತಿಗೆ ತೂಕ ಇತ್ತು.

ಕೊನೆಗೆ ಸಮಿತಿ ಒಪ್ಪಿದ್ದು ಹೀಗೆ: ಹೆತ್ತವಳು ಅಕ್ಕ, ಆಧಾರ ವಿಭಾಗಪತ್ರ. ಸಾಕಿದವಳು ತಂಗಿ, ಆಧಾರ ಶಾಲೆಯ ಕಾಗದ ಮತ್ತು ದೊಡ್ಡಮ್ಮನ ಮಾತು. ಎರಡು ಗೆರೆಯೂ ಪರದೆಯ ಮೇಲೆ ಇವೆ. ಒಂದೇ ಕಾಲಂ ಇದ್ದಾಗ ಯಾರೋ ಒಬ್ಬರ ಅಮ್ಮನನ್ನು ಅಳಿಸಲೇಬೇಕಿತ್ತು. ಚಿಕ್ಕಮ್ಮನ ಕಡೆಯವರಿಗೆ ನೋವಾಗಿದ್ದು ವಂತಿಗೆಯಿಂದ ಅಲ್ಲ, ಆ ಅಳಿಸುವಿಕೆಯಿಂದ. ಎರಡನೇ ಗೆರೆ ಕಂಡ ಮೇಲೆ ಅವರು ಮತ್ತೆ ಬರೆಯಲಿಲ್ಲ.

ತೀರ್ಮಾನ ಆದ ದಿನ ಡೇಟಾಬೇಸ್‌ನಲ್ಲಿ ಮುಟ್ಟಿದ್ದು ಎರಡೇ ಸಾಲು. ಇಡೀ ಕೊಂಬೆ ತಾನಾಗಿ ಆಚೆ ಹೋಯಿತು. ಮರವನ್ನು ಟೇಬಲ್‌ನಲ್ಲಿಡಲು ಬೇರೆ ವಿಧಾನಗಳೂ ಇವೆ. ನೆಸ್ಟೆಡ್ ಸೆಟ್‌ನಲ್ಲಿ ಪ್ರತಿಯೊಬ್ಬರಿಗೂ ಎಡ ಬಲ ಎಂದು ಎರಡು ಅಂಕಿ ಕೊಡುತ್ತಾರೆ. ಓದುವುದು ಚುರುಕು, ಆದರೆ ಕೊಂಬೆ ಸರಿಸಿದರೆ ಟೇಬಲ್‌ನ ಎಷ್ಟೋ ಅಂಕಿಗಳನ್ನು ಮತ್ತೆ ಬರೆಯಬೇಕು. ಮೇಲಿನಿಂದ ಬಂದ ದಾರಿಯನ್ನೇ ಪೂರ್ತಿ ಬರೆದಿಡುವ ಇನ್ನೊಂದು ವಿಧಾನದಲ್ಲಿ ಕೊಂಬೆಯ ಪ್ರತಿಯೊಬ್ಬರ ದಾರಿಯೂ ಬದಲಾಗುತ್ತದೆ. ಪುಟದ ವಿಳಾಸವನ್ನು ಆ ದಾರಿಯಿಂದ ಮಾಡಿದ್ದರೆ ಹಂಚಿದ ಕೊಂಡಿಗಳೆಲ್ಲ ಕೆಡುತ್ತವೆ. ಓದುವವರು ಲಕ್ಷಗಟ್ಟಲೆ ಇದ್ದು, ಮರ ಬದಲಾಗುವುದೇ ಅಪರೂಪ ಎಂದಾದರೆ ಆ ವಿಧಾನಗಳು ಸರಿ. ಮಾತುಕತೆ ನಡೆಯುವ ಮರ ಬದಲಾಗುತ್ತಲೇ ಇರುತ್ತದೆ. ಕೆಲವು ಸಾವಿರ ಹೆಸರಿನ ಮರಕ್ಕೆ ರಿಕರ್ಸಿವ್ ಕ್ವೆರಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತದೆ.

ಒಂದು ಅಪಾಯವನ್ನು ಮಾತ್ರ ಮರೆಯಬಾರದು. ನಮ್ಮಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತಾರೆ. ಹೆಸರು ಹುಡುಕಿ ಗೆರೆ ಎಳೆಯುವಾಗ ಯಾರೋ ಮೊಮ್ಮಗಳನ್ನು ಅಜ್ಜಿಯೆಂದು ಆರಿಸಿದರು. ಮಗಳು ಅಮ್ಮನ ಅಮ್ಮ ಆದಳು. ಕ್ವೆರಿ ಸುತ್ತು ಹೊಡೆಯುತ್ತಾ ನಿಂತಿತು, ಪುಟ ತೆರೆಯಲೇ ಇಲ್ಲ. ಪೋಸ್ಟ್‌ಗ್ರೆಸ್‌ನ 14ನೇ ಆವೃತ್ತಿಯಿಂದ ಇಂಥ ಸುತ್ತನ್ನು ಹಿಡಿಯಲು ಕ್ವೆರಿಯಲ್ಲೇ ‘ಸೈಕಲ್’ ಎಂಬ ಸೂಚನೆ ಕೊಡಬಹುದು. ಆದರೆ ಓದುವಾಗ ಹಿಡಿಯುವುದಕ್ಕಿಂತ ಬರೆಯುವಾಗ ತಡೆಯುವುದು ಮೇಲು. ಹೊಸ ಗೆರೆ ಸೇರಿಸುವ ಮೊದಲು ತಾಯಿಯ ಹಿರಿಯರ ಪಟ್ಟಿ ತೆಗೆದು, ಮಗು ಅದರಲ್ಲಿ ಇದೆಯೇ ಎಂದು ನೋಡುತ್ತೇವೆ. ಇದ್ದರೆ ಗೆರೆ ಬೀಳುವುದಿಲ್ಲ. ಹೆಸರಿನ ಜೊತೆಗೆ ಯಾವಾಗಲೂ ತಾಯಿಯ ಹೆಸರನ್ನೂ ತೋರಿಸತೊಡಗಿದ ಮೇಲೆ ಇಂಥ ಗೊಂದಲ ಕಡಿಮೆಯಾಯಿತು.

ತೋರಿಸುವ ವಿಷಯದಲ್ಲಿ ಎರಡು ಬೇರೆ ಬೇರೆ ಚಿತ್ರ ಬೇಕಾದವು. ದೊಡ್ಡ ಪರದೆಗೆ, ವೆಬ್‌ನಲ್ಲಿ ಚಿತ್ರ ಬಿಡಿಸುವ ಡಿ3 ಎಂಬ ಲೈಬ್ರರಿಯ ಮರ. ಅದರ ಹಿಂದಿರುವುದು ರೈನ್‌ಗೋಲ್ಡ್ ಮತ್ತು ಟಿಲ್‌ಫೋರ್ಡ್ 1981ರಲ್ಲಿ ಕೊಟ್ಟ ವಿಧಾನ, 2002ರಲ್ಲಿ ಬುಖ್‌ಹೈಮ್ ಮತ್ತು ಜೊತೆಗಾರರು ಅದನ್ನು ಇನ್ನೂ ಚುರುಕು ಮಾಡಿದರು. ತಾಯಿ ಮಕ್ಕಳ ನಡುಮಧ್ಯೆ ಮೇಲೆ ನಿಲ್ಲಬೇಕು, ಒಂದೇ ಆಕಾರದ ಕೊಂಬೆಗಳು ಎಲ್ಲಿದ್ದರೂ ಒಂದೇ ಥರ ಕಾಣಬೇಕು ಎಂಬಂಥ ನಿಯಮಗಳಿಂದ ಅದು ಜಾಗ ಹಂಚುತ್ತದೆ.

ಇಲ್ಲಿ ಕನ್ನಡದ್ದೇ ಒಂದು ಕೆಲಸ ಉಂಟು. ಪೆಟ್ಟಿಗೆಯ ಅಗಲವನ್ನು ಅಕ್ಷರ ಎಣಿಸಿ ನಿರ್ಧರಿಸುವ ಅಭ್ಯಾಸ ಹಲವರಿಗೆ ಇದೆ. ‘ಲಕ್ಷ್ಮಿ’ ಎಂಬ ಹೆಸರು ಕಣ್ಣಿಗೆ ಎರಡಕ್ಷರ. ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 7, ಯಾಕೆಂದರೆ ಒತ್ತಕ್ಷರ ಕೂಡಿಸುವ ವಿರಾಮ (್), ಗುಣಿತದ ಗುರುತುಗಳೂ ಎಣಿಕೆಗೆ ಬರುತ್ತವೆ. ‘ರಮಾಬಾಯಿ’ಗೂ ಉದ್ದ 7, ಆದರೆ ಪರದೆಯ ಮೇಲೆ ಅದು ಎಷ್ಟೋ ಅಗಲ. ಎಣಿಕೆ ನಂಬಿದರೆ ಒಂದು ಪೆಟ್ಟಿಗೆಯಲ್ಲಿ ಜಾಗ ಖಾಲಿ, ಇನ್ನೊಂದರಲ್ಲಿ ಹೆಸರು ಹೊರಗೆ. ಫಾಂಟ್ ಪೂರ್ತಿ ಇಳಿದ ಮೇಲೆ ಬ್ರೌಸರನ್ನೇ ಕೇಳಿ ಅಳೆಯಬೇಕು. ಎತ್ತರವೂ ಹಾಗೇ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಇಲ್ಲಿ ಸಾಲದು. ನಾವು ಡಿ3ಯಿಂದ ಜಾಗದ ಲೆಕ್ಕ ಮಾತ್ರ ತಗೊಂಡು, ಪೆಟ್ಟಿಗೆಗಳನ್ನು ಮಾಮೂಲಿ ಎಚ್‌ಟಿಎಂಎಲ್‌ನಲ್ಲಿ ಇಟ್ಟೆವು. ಎಸ್‌ವಿಜಿ ಎಂಬ ಚಿತ್ರದ ಫಾರ್ಮ್ಯಾಟ್‌ನಲ್ಲಿ ಅಕ್ಷರ ತಾನಾಗಿ ಮುಂದಿನ ಸಾಲಿಗೆ ಹೋಗುವುದಿಲ್ಲ, ಎಚ್‌ಟಿಎಂಎಲ್‌ನಲ್ಲಿ ಹೋಗುತ್ತದೆ.

ಲೋಕಲ್ ಟ್ರೈನಿನಲ್ಲಿ ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಫೋನ್ ಹಿಡಿದವರಿಗೆ ಆ ದೊಡ್ಡ ಮರ ಉಪಯೋಗಕ್ಕೆ ಬರುವುದಿಲ್ಲ. ಫೋನಿನಲ್ಲಿ ಒಬ್ಬರನ್ನು ನಡುವೆ ಇಟ್ಟು, ಮೇಲೆ ತಾಯಿ ಮತ್ತು ಅಜ್ಜಿ, ಪಕ್ಕದಲ್ಲಿ ಒಡಹುಟ್ಟಿದವರು, ಕೆಳಗೆ ಮಕ್ಕಳನ್ನು ತೋರಿಸುತ್ತೇವೆ. ಯಾರನ್ನು ಒತ್ತಿದರೆ ಅವರು ನಡುವೆ ಬರುತ್ತಾರೆ. ಮುಂಬೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹಲವರಿಗೆ ಕನ್ನಡ ಲಿಪಿ ಓದಲು ಬರುವುದಿಲ್ಲ. ಆದ್ದರಿಂದ ಪ್ರತಿ ಹೆಸರನ್ನೂ ಕನ್ನಡ, ರೋಮನ್ ಎರಡರಲ್ಲೂ ಇಟ್ಟು, ಹುಡುಕುವಾಗ ಎರಡನ್ನೂ ನೋಡುತ್ತೇವೆ.

ಮಾತುಕತೆಯೂ ಒಂದು ಮರವೇ, ಉತ್ತರಕ್ಕೆ ಉತ್ತರ, ಅದಕ್ಕೆ ಇನ್ನೊಂದು. ಅದನ್ನು ಹಾಗೇ ಬೆಳೆಯಲು ಬಿಡಲಿಲ್ಲ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಒಂದೊಂದು ಹಂತಕ್ಕೆ 24 ಪಿಕ್ಸೆಲ್ ಒಳಗೆ ಸರಿಸಿದರೆ ಆರನೇ ಹಂತಕ್ಕೆ 144 ಹೋಗುತ್ತದೆ, ಬರೆಯಲು ಉಳಿಯುವುದು 216. ‘ಹೇಳಿಕೊಟ್ಟಿದ್ದರೆಂದು’ ಎಂಬಂಥ ಒಂದು ಪದವೇ ಅರ್ಧ ಸಾಲು ತಿನ್ನುತ್ತದೆ. ಹಾಗಾಗಿ ಎರಡೇ ಹಂತ. ಅದಕ್ಕಿಂತ ಒಳಗಿನ ಉತ್ತರಗಳು ಒಂದರ ಕೆಳಗೊಂದು ಬರುತ್ತವೆ, ಯಾರ ಯಾವ ಮಾತಿಗೆ ಉತ್ತರ ಎಂದು ಮೇಲೆ ಒಂದು ಸಾಲು ಇರುತ್ತದೆ.

ಗುಟ್ಟಿನ ವಿಷಯಕ್ಕೆ ಬಂದಾಗ ಕವರಿನ ಕ್ವೆರಿಯೇ ಮತ್ತೆ ನೆರವಿಗೆ ಬಂತು. ದತ್ತು, ಎರಡನೇ ಮದುವೆ, ಬಿಟ್ಟುಹೋದ ಸಂಬಂಧ — ಇವೆಲ್ಲ ಊರಿಗೆಲ್ಲ ಸಾರುವಂಥದ್ದಲ್ಲ. ಅಂಥ ಗೆರೆಯ ಮಾತುಕತೆ ಆ ಕವರಿನವರಿಗೆ ಮಾತ್ರ ಕಾಣುತ್ತದೆ. ಯಾರು ಆ ಕವರಿನವರು ಎಂದು ಪ್ರತಿ ಸಲ ಮರವನ್ನೇ ಕೇಳುತ್ತೇವೆ, ಬೇರೆ ಪಟ್ಟಿ ಇಟ್ಟಿಲ್ಲ. ಬದುಕಿರುವವರ ಹುಟ್ಟಿದ ದಿನ, ಫೋನ್ ನಂಬರ್ ಅವರ ಒಪ್ಪಿಗೆ ಇಲ್ಲದೆ ಕಾಣುವುದಿಲ್ಲ, ಚಿಕ್ಕ ಮಕ್ಕಳದ್ದು ಕಾಣುವುದೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಎಷ್ಟು ಮಹತ್ವ ಕೊಡುತ್ತದೋ, ಮನೆಯವರೂ ಅಷ್ಟೇ ಕೊಡುತ್ತಾರೆ.

ಇನ್ನೂ ಪೂರ್ತಿ ಬಗೆಹರಿಯದ್ದು ಗಂಡುಮಕ್ಕಳ ಮಕ್ಕಳ ವಿಷಯ. ಹಿಂದೆ ಅವರು ಅವರ ತಾಯಿಯ ತರವಾಡಿನ ಮರದಲ್ಲಿ ಬರುತ್ತಿದ್ದರು. ಈಗ ಮುಂಬೈಯಲ್ಲಿ ನಮ್ಮ ಹುಡುಗರು ಮರಾಠಿ, ಗುಜರಾತಿ ಹುಡುಗಿಯರನ್ನು ಮದುವೆಯಾಗುತ್ತಾರೆ. ಆ ಮಕ್ಕಳಿಗೆ ತಾಯಿಯ ಕಡೆ ಬರಿಯೂ ಇಲ್ಲ, ತರವಾಡೂ ಇಲ್ಲ. ಮಗನ ಮಗ ಎಲ್ಲೂ ಕಾಣುವುದಿಲ್ಲ ಎಂದು ಒಬ್ಬ ಅಜ್ಜ ಸಭೆಯಲ್ಲಿ ಕೇಳಿದಾಗ ಯಾರ ಬಳಿಯೂ ತಕ್ಷಣ ಉತ್ತರ ಇರಲಿಲ್ಲ. ಸದ್ಯಕ್ಕೆ ಗಂಡಸಿನ ಪೆಟ್ಟಿಗೆ ತೆರೆದರೆ ಅವನ ಮಕ್ಕಳೂ ಕಾಣುತ್ತಾರೆ, ಅವರ ಪುಟಕ್ಕೂ ಹೋಗಬಹುದು, ಬರೆಯಬಹುದು. ಕವರಿನ ಎಣಿಕೆಗೆ ಮಾತ್ರ ಅವರು ಬರುವುದಿಲ್ಲ. ಆ ಮಕ್ಕಳೂ ವಂತಿಗೆ ಕೊಡುತ್ತೇವೆ ಎಂದು ಮುಂದೆ ಬಂದಿದ್ದಾರೆ. ಅದನ್ನು ಯಾವ ಕವರಿನ ಕೆಳಗೆ ಬರೆಯುವುದು ಎಂಬುದನ್ನು ಮುಂಬೈಯ ಸಮಿತಿ ಒಂದೇ ನಿರ್ಧರಿಸುವಂತಿಲ್ಲ. ಊರಿನ ಯಜಮಾನರಿಗೆ ಕಾಗದ ಹೋಗಿದೆ, ಅವರ ಉತ್ತರ ಬಂದ ಮೇಲೆ ಟೇಬಲ್‌ನಲ್ಲಿ ನಾಲ್ಕನೇ ಬಗೆಯ ಗೆರೆ ಬೇಕೋ ಬೇಡವೋ ತಿಳಿಯುತ್ತದೆ.